ಅಜ್ಜಿಯ ಎರಡನೇ ಹೊಡೆತ

ನಲವತ್ತು ಟನ್ ಬಲ ಹಾಕಿ ಕೆಳಗಿಳಿಯುತ್ತಿದ್ದ ಪ್ರೆಸ್ಸನ್ನು ನಾನು ಎಡಗೈಯ ಕಿರುಬೆರಳಿನಿಂದ ತಡೆದು ನಿಲ್ಲಿಸಿದ್ದೇನೆ. ಬಲಗೈಯಲ್ಲಿ ಟೀ ಲೋಟ ಇತ್ತು, ಇಲ್ಲದಿದ್ದರೆ ಇನ್ನೂ ಸಲೀಸಾಗಿ ಆಗುತ್ತಿತ್ತು. ಒಂದು ತೊಟ್ಟು ಟೀ ಕೂಡ ಚೆಲ್ಲಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಸಾಹಸದ ಗಡಿಬಿಡಿಯಲ್ಲಿ ಇಂಥ ಸಣ್ಣಪುಟ್ಟ ಸಂಗತಿಗಳು ಮರೆತುಹೋಗುತ್ತವೆ. ನಂಬದವರು ಬಂದು ಬೆರಳು ನೋಡಬಹುದು. ಬಿಳಿ ಪಟ್ಟಿ ಸುತ್ತಿಕೊಂಡು ಅದು ಉಳಿದ ಬೆರಳುಗಳಿಂದ ಸ್ವಲ್ಪ ದೂರ ನಿಂತಿದೆ. ದೊಡ್ಡ ಮನುಷ್ಯರಾದ ಮೇಲೆ ಹಾಗೆ ನಿಲ್ಲುವುದು ಸಹಜ.

ನಾನು ಹೆದರುವ ಪೈಕಿ ಅಲ್ಲ. ಹೆದರಿಕೆಯೇ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಸರಿದು ಹೋಗುತ್ತದೆ. ಆದರೂ ಈ ಕತೆಯಲ್ಲಿ ಹೆದರಿದ್ದೇನೆ, ಮುಚ್ಚಿಡುವುದಿಲ್ಲ. ಹೆದರಿದರೂ ನಿಮ್ಮಂತೆ ಪುಟಗೋಸಿ ಹೆದರಿಕೆಯಲ್ಲ. ಇಡೀ ಊರಿಗೆ ಹಂಚಿ ಮಿಕ್ಕಿದ್ದನ್ನು ಪಕ್ಕದ ಊರಿಗೆ ಕಳಿಸುವಷ್ಟು ಹೆದರಿದ್ದೇನೆ.

ಕಾರ್ಖಾನೆಯಲ್ಲಿ ನನ್ನ ಹೆಸರು ಫಿರಂಗಿ. ಸದ್ದು ಜಾಸ್ತಿ, ಗುಂಡು ಎಲ್ಲಿ ಬೀಳುತ್ತದೋ ಯಾರಿಗೂ ಗೊತ್ತಿಲ್ಲ ಎಂದು ಅದಕ್ಕೆ ಅರ್ಥವಂತೆ. ಹೊಟ್ಟೆಕಿಚ್ಚಿನವರು ಮಾಡಿದ ಅರ್ಥ. ನಾನು ಅಲ್ಲಿ ಫಿಟ್ಟರ್. ಕೆಟ್ಟ ಯಂತ್ರಗಳು ನನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ನಾಚಿಕೊಂಡು ತಾವಾಗಿಯೇ ಸರಿಯಾಗಿಬಿಡುತ್ತವೆ. ನಮ್ಮಲ್ಲಿ ತಯಾರಾಗುವುದು ಗಾಜಿನ ಭರಣಿಗಳಿಗೆ ಹಾಕುವ ತಗಡಿನ ಮುಚ್ಚಳ. ಭೂಮಿಯ ಮೇಲೆ ಎಲ್ಲಿ ಯಾರು ಭರಣಿ ತೆರೆದರೂ ನಮ್ಮ ಮುಚ್ಚಳವನ್ನೇ ತಿರುಗಿಸುತ್ತಾರೆ. ಎಲ್ಲಿಯೂ ಅಲ್ಲದಿದ್ದರೆ ನಮ್ಮ ಮನೆಯಲ್ಲಂತೂ ಹೌದು.

ಆ ಮುಚ್ಚಳಗಳಲ್ಲಿ ಹೆಚ್ಚಿನವನ್ನು ಹೊಡೆಯುತ್ತಿದ್ದವಳು ಅಜ್ಜಿ. ಅಜ್ಜಿ ಎಂದರೆ ಮನುಷ್ಯಳಲ್ಲ, ಶೆಡ್ಡಿನ ಮೂಲೆಯಲ್ಲಿದ್ದ ಹಳೆಯ ಪ್ರೆಸ್. ನಮ್ಮ ಯಜಮಾನರಿಗಿಂತ ವಯಸ್ಸಿನಲ್ಲಿ ಹಿರಿಯಳು. ಪಕ್ಕದಲ್ಲಿ ಎತ್ತಿನಗಾಡಿಯ ಗಾಲಿಯಷ್ಟು ದೊಡ್ಡ ಕಬ್ಬಿಣದ ಚಕ್ರ ಸದಾ ತಿರುಗುತ್ತಿರುತ್ತದೆ. ಕೆಳಗೆ ಪೆಡಲ್. ಪೆಡಲ್ ಒತ್ತಿದರೆ ಕೊಕ್ಕೆ ಬಿಡುತ್ತದೆ, ಚಕ್ರ ಅಜ್ಜಿಯ ತಲೆಯನ್ನು ಎಳೆದು ಕೆಳಗೆ ತರುತ್ತದೆ, ದಢಾಂ. ತಗಡು ಮುಚ್ಚಳವಾಗುತ್ತದೆ, ನಡುವೆ ಹೂವಿನ ಗುರುತು ಮೂಡುತ್ತದೆ. ತಲೆ ಮೇಲೆ ಹೋದ ಕೂಡಲೇ ಬ್ರೇಕ್ ಅದನ್ನು ಹಿಡಿಯುತ್ತದೆ, ಕೊಕ್ಕೆ ಮತ್ತೆ ಬೀಳುತ್ತದೆ. ಒಂದು ಸಲ ಒತ್ತಿದರೆ ಒಂದೇ ಹೊಡೆತ. ಆ ನಂಬಿಕೆಯ ಮೇಲೆ ಮನುಷ್ಯರು ಅಲ್ಲಿಗೆ ಕೈ ಹಾಕುತ್ತಾರೆ. ಸಿದ್ಧವಾದ ಮುಚ್ಚಳ ತೆಗೆಯಬೇಕು, ಹೊಸ ತಗಡು ಇಡಬೇಕು.

ಆ ಕೈ ನನ್ನ ಅಕ್ಕನದು.

ಅಮ್ಮ ಇಲ್ಲದ ಮನೆಯಲ್ಲಿ ನನಗೆ ಉಣಿಸಿದ್ದು, ತಲೆ ಬಾಚಿದ್ದು, ಗುಂಡಿ ಹೊಲಿದದ್ದು ಅದೇ ಕೈ. ಸುಳ್ಳು ಹೇಳಿದಾಗ ಗೆಣ್ಣು ಮಡಿಸಿ ನೆತ್ತಿಗೆ ಮೊಟಕಿದ್ದೂ ಅದೇ ಕೈ. ನನ್ನ ನೆತ್ತಿ ಇವತ್ತಿಗೂ ಚಪ್ಪಟೆ ಇರುವುದಕ್ಕೆ ಕಾರಣ ಕೇಳಬೇಡಿ.

ಯಜಮಾನರಿಗೆ ಒಂದು ಹುಚ್ಚಿತ್ತು. ಅದಕ್ಕೆ ಅವರು ಇಟ್ಟ ಹೆಸರು ಚಿಟಿಕೆ. ಅಡುಗೆಗೆ ಉಪ್ಪು ಹಾಕುವಂತೆ, ಕೆಲಸಕ್ಕೆ ವಾರಕ್ಕೊಂದು ಚಿಟಿಕೆ ಸುಧಾರಣೆ ಹಾಕಬೇಕು. ಶನಿವಾರ ಮಧ್ಯಾಹ್ನ ಎಲ್ಲರೂ ಶೆಡ್ಡಿನ ನಡುವೆ ಸೇರುತ್ತಿದ್ದೆವು. ಒಬ್ಬೊಬ್ಬರೂ ಎದ್ದು ಈ ವಾರದ ಚಿಟಿಕೆ ಹೇಳಬೇಕು, ಉಳಿದವರು ಚಪ್ಪಾಳೆ ಹೊಡೆಯಬೇಕು. "ಏನಪ್ಪಾ ಫಿರಂಗಿ, ಏನು ತಂದಿದ್ದೀಯ?" ಎಂದು ಯಜಮಾನರು ಕೇಳಿದರೆ ಇಲ್ಲ ಎನ್ನುವಂತಿಲ್ಲ. ಅವರೇನೂ ಬೈಯುವವರಲ್ಲ, ಆದರೆ ಅವರ ಮುಖ ಊಟಕ್ಕೆ ಕರೆದು ಅನ್ನ ಸಾಲದೆ ಹೋದವರಂತೆ ಆಗುತ್ತಿತ್ತು. ಅದನ್ನು ನೋಡಲಾರದೆ ನಾವೆಲ್ಲ ಏನಾದರೂ ತರುತ್ತಿದ್ದೆವು. ಪೊರಕೆಗೆ ಮೊಳೆ ಹೊಡೆದದ್ದು, ತಗಡಿನ ರಾಶಿಯನ್ನು ಒಂದು ಮೊಳ ಹತ್ತಿರ ಸರಿಸಿದ್ದು, ಎಲ್ಲವೂ ಚಿಟಿಕೆಯೇ. ಸುಳ್ಳಲ್ಲ, ಹೀಗೆ ಹತ್ತಿರ ಸರಿಸುತ್ತ ಸರಿಸುತ್ತಲೇ ನಮ್ಮ ಕಾರ್ಖಾನೆ ಬೆಳೆದದ್ದು.

ಯಜಮಾನರ ಮಗಳಿಗೆ ಇದೆಂದರೆ ಆಗುತ್ತಿರಲಿಲ್ಲ. ಅವರಿಗೆ ನಾವು ಇಟ್ಟ ಹೆಸರು ಬಿರುಗಾಳಿ. ಓದು ಮುಗಿಸಿ ಬಂದವರೇ ಅಪ್ಪನನ್ನು ಕಾಡಿ ಬೇಡಿ ಒಂದು ಹೊಸ ಯಂತ್ರ ತರಿಸಿದರು. ಅದು ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ನೀಲಿ ಟಾರ್ಪಾಲು ಹೊದ್ದು ಕೂತಿತ್ತು. ತಗಡಿನ ಸುರುಳಿ ಒಂದು ಕಡೆಯಿಂದ ಒಳಗೆ ಹೋದರೆ ಇನ್ನೊಂದು ಕಡೆಯಿಂದ ಮುಚ್ಚಳ ಬರುತ್ತದಂತೆ. ಯಾರೂ ಕೈ ಹಾಕುವಂತಿಲ್ಲ, ಕೈ ಹತ್ತಿರ ಬಂದರೆ ನಿಂತುಬಿಡುತ್ತದಂತೆ.

ಒಂದು ದಿನ ಅಪ್ಪ ಮಗಳು ನಮ್ಮೆಲ್ಲರ ಎದುರಿಗೇ ಜಗಳಕ್ಕೆ ನಿಂತರು.

"ಅಪ್ಪಾ, ತೇಪೆ ಮೇಲೆ ತೇಪೆ ಹಾಕಿ ಅಂಗಿ ಅಂತಿದ್ದೀರಿ. ಬಟ್ಟೆ ಎಲ್ಲಿದೆ ತೋರಿಸಿ ನೋಡೋಣ" ಅಂದರು ಬಿರುಗಾಳಿ.

"ನೀನು ಹೊಸ ಅಂಗಿ ಹೊಲಿಸಿ ತರೋವರೆಗೂ ನಾವು ಬರಿ ಮೈಲಿ ನಿಂತಿರಬೇಕಾ?" ಅಂದರು ಯಜಮಾನರು.

"ತಂದಾಗಿದೆಯಲ್ಲ! ಅಲ್ಲಿ ಮಡಿಚಿಟ್ಟಿದ್ದೀರಿ, ಹಾಕ್ಕೊಳ್ತಿಲ್ಲ."

"ಅಳತೆ ಯಾರದ್ದಮ್ಮಾ ಅದು? ನಮ್ಮದಾ?"

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ದೊಡ್ಡ ಭರಣಿ ಕಂಪನಿಯೊಂದರವರು ಮುಚ್ಚಳ ನೋಡಲು ಬರುವವರಿದ್ದರು. ಅವರು ಬಂದು ಹೋಗುವವರೆಗೆ ಅಜ್ಜಿ ಒಂದು ಸಲವೂ ಕೆಟ್ಟು ನಿಲ್ಲಬಾರದು. ನಿಲ್ಲದಿದ್ದರೆ ಹೊಸ ಯಂತ್ರ ವಾಪಸು. ನಿಂತರೆ ಅಜ್ಜಿ ಗುಜರಿಗೆ.

ಇದಾಗಿ ಕೆಲವು ದಿನಕ್ಕೆ, ಟೀ ಹೊತ್ತಿನಲ್ಲಿ, ಅದು ನಡೆಯಿತು.

ಎಲ್ಲರೂ ಅಂಗಳದಲ್ಲಿದ್ದರು. ಅಕ್ಕ ಒಂದು ಮುಚ್ಚಳ ಹೊಡೆದು, ಅದನ್ನು ತೆಗೆಯದೆಯೇ ಎದ್ದು ಕೈ ತೊಳೆಯಲು ಹೋಗಿದ್ದಳು. ಮೋಟಾರು ಆರಿಸಿರಲಿಲ್ಲ, ಆರಿಸಿದರೆ ಅದನ್ನೂ ನಿಂತ ಲೆಕ್ಕಕ್ಕೆ ಸೇರಿಸುತ್ತಾರೇನೋ ಎಂಬ ಭಯ ಅವಳಿಗೆ. ನಾನು ಲೋಟ ಹಿಡಿದುಕೊಂಡು ಅಜ್ಜಿಯ ಮುಂದೆ ನಿಂತು, ಮಾಡಲು ಬೇರೆ ಕೆಲಸವಿಲ್ಲದೆ, ಅವಳ ಬಣ್ಣ ಎಲ್ಲೆಲ್ಲಿ ಎದ್ದಿದೆ ನೋಡುತ್ತಿದ್ದೆ. ಸ್ಟೂಲ್ ಖಾಲಿ. ಪೆಡಲ್ ಮೇಲೆ ಯಾರ ಕಾಲೂ ಇಲ್ಲ.

ಅಜ್ಜಿ ತಾನಾಗಿಯೇ ತಲೆ ಬಾಗಿಸಿದಳು. ದಢಾಂ.

ಮತ್ತೆ ಮೇಲೆ ಹೋಗಿ, ಏನೂ ಆಗದವಳಂತೆ ನಿಂತಳು.

ನನ್ನ ಎದೆ ಹೊಡೆದುಕೊಂಡ ರಭಸಕ್ಕೆ ಮೂರು ಬೀದಿಯ ಕಿಟಕಿ ಗಾಜುಗಳು ಅದುರಿದವು. ಬೆವರು ಕಿತ್ತುಕೊಂಡು ಬಂತು. ಅದರಲ್ಲಿ ಒಂದು ಎಮ್ಮೆ ಮೀಯಬಹುದಿತ್ತು. ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. ಬಗ್ಗಿ ನೋಡಿದೆ. ಒಳಗಿದ್ದ ಮುಚ್ಚಳದಲ್ಲಿ ಹೂವಿನ ಮೇಲೊಂದು ಹೂವು ಮೂಡಿತ್ತು, ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು. ಮೊದಲನೆಯದು ಅಕ್ಕ ಹೊಡೆದದ್ದು. ಎರಡನೆಯದು ಯಾರೂ ಹೊಡೆಯದ್ದು. ಉದ್ದನೆಯ ಕಡ್ಡಿಯಿಂದ ಮುಚ್ಚಳವನ್ನು ಎಳೆದು ಜೇಬಿಗೆ ಹಾಕಿಕೊಂಡೆ.

"ಏನೋ ಅದು, ಲೋಟ ಒಡೆದ್ಯಾ?" ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಬೆಕ್ಕು" ಅಂದೆ.

"ಬೆಕ್ಕು ಟೀ ಕುಡೀತಿತ್ತಾ?"

ಸ್ಟೂಲ್ ಮೇಲೆ ಕೂತಳು. ಕೈ ಒಳಗೆ ಹೋಯಿತು, ಹೊರಗೆ ಬಂತು. ದಢಾಂ. ಒಳಗೆ ಹೋಯಿತು, ಬಂತು. ದಢಾಂ. ಸಂಜೆಯವರೆಗೂ ನನ್ನ ಜೀವ ಆ ಕೈಯ ಜೊತೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಳುವುದಕ್ಕೆಂದೇ ಮನೆಯಲ್ಲಿ ಅವಳ ಹಿಂದೆ ಮುಂದೆ ಸುತ್ತಿದೆ. ಅವಳು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸುವ ಆ ಬೆರಳುಗಳನ್ನು ನೋಡಿ ಬೇರೇನೋ ಹೇಳಿಬಿಟ್ಟೆ.

"ಅಕ್ಕಾ, ನಾಳೆ ರಜೆ ಹಾಕು."

"ಯಾಕೆ?"

"ನಿನ್ನ ಮುಖ ಬಾಡಿದೆ."

"ನನ್ನ ಮುಖ ಹುಟ್ಟಿದಾಗಿಂದ ಹಿಂಗೇ ಇದೆ. ರಜೆ ಹಾಕಿದ್ರೆ ಅಜ್ಜಿ ನಿಲ್ತಾಳೆ. ಅಜ್ಜಿ ನಿಂತ್ರೆ ಬಿರುಗಾಳಿ ಟಾರ್ಪಾಲು ಎತ್ತುತ್ತಾರೆ."

"ಎತ್ತಲಿ ಬಿಡು. ಒಳ್ಳೇ ಯಂತ್ರವಂತೆ."

ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದಳು. "ನೀನು ಫಿಟ್ಟರ್. ಯಂತ್ರದ ಒಳಗೆ ನೋಡಿರ್ತೀಯ. ಅದರ ಮುಂದೆ ನೋಡಿದ್ದೀಯಾ? ಎಲ್ಲೂ ಕೂರೋಕೆ ಜಾಗ ಇಲ್ಲ ಕಣೋ ಅದಕ್ಕೆ. ಸ್ಟೂಲ್ ಹಾಕೋ ಜಾಗಾನೇ ಬಿಟ್ಟಿಲ್ಲ. ಅದನ್ನ ಮಾಡಿದವನಿಗೆ ನಾನೊಬ್ಬಳಿದ್ದೀನಿ ಅಂತ ನೆನಪೇ ಇಲ್ಲ."

ಹೇಳಿದರೆ ಅವಳ ಸ್ಟೂಲ್ ಹೋಗುತ್ತದೆ. ಹೇಳದಿದ್ದರೆ ಕೈ.

ಅದಕ್ಕೇ ಗುಟ್ಟಾಗಿ ನಾನೇ ಸರಿಮಾಡಿಬಿಡೋಣ ಎಂದುಕೊಂಡೆ. ಊಟದ ಬಿಡುವಿನಲ್ಲಿ, ಎಣ್ಣೆ ನೋಡುವ ನೆಪ ಹೇಳಿ ಮೋಟಾರು ಆರಿಸಿ, ಅಜ್ಜಿಯ ಕೆಳಗೆ ತೂರಿದೆ. ಮೊದಲು ಕಂಡದ್ದು ಪೆಡಲಿನ ಸ್ಪ್ರಿಂಗು. ಅದು ನನ್ನದೇ ಚಿಟಿಕೆ. ಹಿಂದೊಮ್ಮೆ ಅಕ್ಕನ ಮಂಡಿ ನೋಯುತ್ತದೆಂದು ಗಡುಸು ಸ್ಪ್ರಿಂಗ್ ತೆಗೆದು ಮೆತ್ತನೆಯದು ಹಾಕಿದ್ದೆ. ಜೋರು ಚಪ್ಪಾಳೆ ಬಿದ್ದಿತ್ತು. ಅದೇ ಸ್ಪ್ರಿಂಗ್ ಕೊಕ್ಕೆಯನ್ನೂ ವಾಪಸು ಎಳೆಯಬೇಕು. ಮೆತ್ತಗಾದ ಮೇಲೆ ಸೋಮಾರಿಯಾಗಿ ಎಳೆಯುತ್ತಿತ್ತು. ಸರಿ, ಹಳೆಯ ಸ್ಪ್ರಿಂಗ್ ಹಾಕಿಬಿಟ್ಟರೆ ಮುಗಿಯಿತು ಎಂದುಕೊಂಡು ಕೈ ಚಾಚಿದೆ. ಬೆರಳಿಗೆ ಎಣ್ಣೆ ಅಂಟಿತು. ಬ್ರೇಕಿನ ಪಟ್ಟಿಯ ಮೇಲೆ ಎಣ್ಣೆ! ಅದು ಎಣ್ಣೆ ಚಿಕ್ಕಪ್ಪನ ಚಿಟಿಕೆ. ಯಂತ್ರಗಳಿಗೆ ಎಣ್ಣೆ ಬಿಡುವ ಆ ಮುದುಕನನ್ನು ಎಲ್ಲರೂ ಚಿಕ್ಕಪ್ಪ ಅನ್ನುತ್ತೇವೆ. ಅಜ್ಜಿ ಕಿರುಗುಟ್ಟುತ್ತಾಳೆಂದು ಅವನು ದಿನಾ ಎರಡು ತೊಟ್ಟು ಹೆಚ್ಚು ಬಿಡತೊಡಗಿದ್ದ. ಕಿರುಗುಟ್ಟುವುದು ನಿಂತಿತ್ತು, ಅದಕ್ಕೂ ಚಪ್ಪಾಳೆ. ಕೊಕ್ಕೆಯ ಅಂಚು ಸವರಿದೆ. ಚೂಪಾಗಿರಬೇಕಾದದ್ದು ನುಣ್ಣಗೆ ಬೆಣ್ಣೆಯಂತಿತ್ತು. ಅದು ಲೇತಿನಲ್ಲಿ ಬಿಡಿಭಾಗ ಕಡೆದುಕೊಡುವ ಲೇತ್ ಮೇಷ್ಟ್ರ ಚಿಟಿಕೆ. ಕೊಕ್ಕೆ ಟಕ್ ಟಕ್ ಅಂದು ತಲೆ ತಿನ್ನುತ್ತದೆ ಎಂದು ಅವರು ಅಂಚು ಉಜ್ಜಿ ಕೊಟ್ಟಿದ್ದರು. ಸದ್ದು ನಿಂತಿತ್ತು. ಚಪ್ಪಾಳೆ.

ಅಜ್ಜಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಒಂದೊಂದನ್ನೇ ಬೆರಳು ಮಡಿಸಿ ಎಣಿಸಿದೆ. ಯಾರೂ ತಪ್ಪು ಮಾಡಿರಲಿಲ್ಲ. ಒಂದು ಚಿಟಿಕೆ ಮಂಡಿಗೆ, ಒಂದು ಕಿವಿಗೆ, ಒಂದು ತಲೆನೋವಿಗೆ. ಎಲ್ಲರೂ ಅಜ್ಜಿಯನ್ನು ಮೆತ್ತಗೆ ಮಾಡುತ್ತ ಮಾಡುತ್ತ, ನಿಲ್ಲುವುದು ಹೇಗೆಂಬುದನ್ನೇ ಅವಳಿಗೆ ಮರೆಸಿಬಿಟ್ಟಿದ್ದೆವು. ಪ್ರತಿ ಶನಿವಾರ ಎಲ್ಲ ಚಿಟಿಕೆಗಳನ್ನೂ ಕೇಳಿದ್ದೆವು. ಎಲ್ಲವನ್ನೂ ಒಂದೇ ಯಂತ್ರದಲ್ಲಿ ಇಟ್ಟು ನೋಡಿದವರು ಒಬ್ಬರೂ ಇಲ್ಲ.

ಸ್ಪ್ರಿಂಗ್ ಬದಲಾಯಿಸಿದೆ. ಎಣ್ಣೆ ಒರೆಸಿದೆ. ಕೊಕ್ಕೆ ಮಾತ್ರ ಹೊಸದೇ ಬೇಕು, ಅದಕ್ಕೆ ಅಜ್ಜಿಯನ್ನು ಇಡೀ ದಿನ ಬಿಚ್ಚಿ ಹಾಕಬೇಕು. ಬಿಚ್ಚಿದರೆ ನಿಂತ ಹಾಗೆ. ಮಾರನೆಯ ದಿನ ಚಿಕ್ಕಪ್ಪ ಬಂದು, "ಯಾರೋ ಇಲ್ಲಿ ಒರೆಸಿಬಿಟ್ಟಿದ್ದಾರಲ್ಲೋ, ಪಾಪಿಗಳು" ಎಂದು ಬೈದುಕೊಂಡು ಎರಡರ ಜಾಗದಲ್ಲಿ ನಾಲ್ಕು ತೊಟ್ಟು ಬಿಟ್ಟ.

ಶನಿವಾರ ಬಂತು. ಶೆಡ್ಡಿನ ನಡುವೆ ಎಲ್ಲರೂ ಸೇರಿದೆವು. ಲೇತ್ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಎದ್ದರು.

"ಸೋಮವಾರ ಕಂಪನಿಯವರು ಬರ್ತಾರೆ. ಅಜ್ಜಿ ನಿಧಾನ ಅಂತ ಯಾರೂ ಅನ್ನಬಾರದು. ಮೋಟಾರಿನ ಬೆಲ್ಟಿಗೆ ಸ್ವಲ್ಪ ದೊಡ್ಡ ಪುಲ್ಲಿ ಮಾಡಿಟ್ಟಿದ್ದೀನಿ. ಹಾಕಿದ್ರೆ ಹುಡುಗಿ ಥರ ಓಡ್ತಾಳೆ."

ಚಪ್ಪಾಳೆ ತಗಡಿನ ಸೂರಿಗೆ ಬಡಿಯಿತು. ಯಜಮಾನರ ಕಣ್ಣು ತುಂಬಿತ್ತು. "ನೋಡಮ್ಮಾ" ಎಂದು ಮಗಳತ್ತ ತಿರುಗಿದರು, "ಇದು ಒಂದೇ ದಿನ ಯಾರೋ ಕೊಟ್ಟಿದ್ದಲ್ಲ. ಇವರೆಲ್ಲ ಚಿಟಿಕೆ ಚಿಟಿಕೆಯಾಗಿ ಕಟ್ಟಿದ್ದು."

ಬಿರುಗಾಳಿ ಚಪ್ಪಾಳೆ ಹೊಡೆಯಲಿಲ್ಲ. "ಅಪ್ಪಾ, ಬ್ರೇಕ್ ಯಾರು ನೋಡಿದ್ದಾರೆ?" ಅಂದರು.

"ಫಿರಂಗಿ ಇದ್ದಾನಲ್ಲ. ಏನಪ್ಪಾ, ಅಜ್ಜಿ ಹೇಗಿದ್ದಾಳೆ? ಏನಾದರೂ ಇದ್ದರೆ ಈಗಲೇ ಹೇಳಿಬಿಡು."

ಎಲ್ಲರೂ ನನ್ನತ್ತ ತಿರುಗಿದರು. ಅಕ್ಕ ಮಾತ್ರ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಬಾಯಿ ತೆರೆದೆ. ಜೇಬಿನಲ್ಲಿ ಮುಚ್ಚಳ ಇರಬೇಕಾಗಿತ್ತು, ತಡಕಿದೆ, ಇರಲಿಲ್ಲ, ಎಲ್ಲಿಟ್ಟೆನೋ ಮರೆತಿದ್ದೆ. ಅದೊಂದು ಕೈಗೆ ಸಿಕ್ಕಿದ್ದರೆ ಎತ್ತಿ ತೋರಿಸುತ್ತಿದ್ದೆ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ.

"ಅಜ್ಜಿಗೆ ಏನಾಗಿದೆ ಯಜಮಾನ್ರೇ" ಅಂದೆ. "ಇನ್ನೂ ನೂರು ವರ್ಷ ಹೊಡೀತಾಳೆ. ನಾನಿದ್ದೀನಲ್ಲ."

ಎಲ್ಲರೂ ನಕ್ಕರು. ಚಪ್ಪಾಳೆಯೂ ಬಿತ್ತು.

ಇನ್ನು ಸೋಮವಾರ. ಈಗ ಎಲ್ಲರೂ ಗಟ್ಟಿಯಾಗಿ ಕುರ್ಚಿ ಹಿಡಿದುಕೊಳ್ಳಿ.

ಭರಣಿ ಕಂಪನಿಯವರು ಬಂದು ಸಾಲಾಗಿ ನಿಂತರು. ಹೊಸ ಪುಲ್ಲಿಯ ವೇಗಕ್ಕೆ ಅಜ್ಜಿಯ ಚಕ್ರ ಎಷ್ಟು ಜೋರಾಗಿ ತಿರುಗುತ್ತಿತ್ತೆಂದರೆ ಅದರ ಗಾಳಿಗೆ ಅವರಲ್ಲೊಬ್ಬರ ಟೋಪಿ ಹಾರಿ ಪಕ್ಕದ ಕಾರ್ಖಾನೆಗೆ ಹೋಯಿತು. ಅಕ್ಕ ಸ್ಟೂಲ್ ಮೇಲೆ ಕೂತಳು. ನಾನು ಟೀ ಹೀರುತ್ತ ಹುಲಿಯಂತೆ ಹೊಂಚಿ ನಿಂತಿದ್ದೆ. ಅಕ್ಕ ಪೆಡಲ್ ಒತ್ತಿದಳು. ದಢಾಂ. ಮುಚ್ಚಳ ತೆಗೆಯಲು ಕೈ ಒಳಗೆ ಹೋಯಿತು. ಅಜ್ಜಿಯ ತಲೆ ಮೇಲೆ ನಿಲ್ಲಲಿಲ್ಲ, ಮತ್ತೆ ಕೆಳಗೆ ಹೊರಟಿತು. ನೋಡಿದವರೆಲ್ಲ ಕಲ್ಲಾದರು. ನಾನು ಹಾರಿದೆ. ಶೆಡ್ಡಿನ ಈ ತುದಿಯಿಂದ ಆ ತುದಿಗೆ, ನೆಲ ಮುಟ್ಟದೆ. ಎಡಗೈ ಚಾಚಿ, ಕಿರುಬೆರಳನ್ನು ತಲೆಯ ಕೆಳಗಿಟ್ಟು, "ಅಜ್ಜೀ, ಸಾಕು" ಅಂದೆ. ನಲವತ್ತು ಟನ್ನಿನ ಕಬ್ಬಿಣ ನನ್ನ ಬೆರಳಿನ ಮೇಲೆ ನಿಂತು, ನಡುಗಿ, ನಿಟ್ಟುಸಿರು ಬಿಟ್ಟಿತು. ಮೋಟಾರು ಹೊಗೆ ಕಾರಿ ಸುಮ್ಮನಾಯಿತು. ಅಕ್ಕ ಕೈ ಹೊರಗೆ ತೆಗೆದಳು, ಬೆರಳೆಲ್ಲ ಸರಿಯಾಗಿದ್ದವು. ಕಂಪನಿಯವರು ನನ್ನನ್ನು ಹೆಗಲ ಮೇಲೆ ಹೊತ್ತು

"ಯಾವ ಬೆರಳೋ?"

ವಾಕ್ಯ ಮುಗಿಸಲು ಬಿಡಲಿಲ್ಲ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬರೆಯುತ್ತಿದ್ದೆ. ತಟ್ಟೆ ಎತ್ತಲು ಬಂದ ಅಕ್ಕ ಯಾವಾಗಿನಿಂದ ಹೆಗಲ ಹಿಂದೆ ನಿಂತು ಓದುತ್ತಿದ್ದಳೋ ಗೊತ್ತಿಲ್ಲ.

"ಕಿರುಬೆರಳು" ಅಂದೆ.

"ನಲವತ್ತು ಟನ್ ಬಿದ್ದ ಬೆರಳಿಗೆ ಬರೀ ಉಗುರು ಕಪ್ಪಾಗಿದೆಯಾ?"

"ನನ್ನ ಮೂಳೆ ಅಂದ್ರೆ ಏನು ಅಂದ್ಕೊಂಡೆ…"

"ನಿನ್ನ ಮೂಳೆ ನನಗೆ ಗೊತ್ತು. ಡಾಕ್ಟರ್ ಹತ್ರ ಎಳ್ಕೊಂಡು ಹೋದವಳು ನಾನು. ಅವರು ಕೇಳಿದ್ದಕ್ಕೆ ನೀನು 'ಬಾಗಿಲು' ಅಂದೆ. ಯಾವ ಬಾಗಿಲು ಅಂತ ಹೇಳೋಕೂ ನಿನಗೆ ಬಾಯಿರಲಿಲ್ಲ." ಕುರ್ಚಿ ಎಳೆದು ಎದುರಿಗೆ ಕೂತಳು. ಸೊಂಟದಿಂದ ಏನೋ ತೆಗೆದು ಹಾಳೆಯ ಮೇಲಿಟ್ಟಳು. ಹೂವಿನ ಮೇಲೆ ಹೂವು ಮೂಡಿದ ಮುಚ್ಚಳ. "ಅಂಗಿ ಒಗೆಯೋಕೆ ಹಾಕೋವಾಗ ಜೇಬು ನೋಡೋ ಅಭ್ಯಾಸ ನನಗೆ."

"ಯಾವತ್ತು ಸಿಕ್ತು?"

"ಗುಂಡಿ ಹೊಲಿದೆನಲ್ಲ, ಅವತ್ತೇ. ನೋಡಿದ ಕೂಡ್ಲೆ ಗೊತ್ತಾಯ್ತು. ಇಷ್ಟು ವರ್ಷ ಹೊಡೆದವಳಿಗೆ ಅಷ್ಟೂ ಗೊತ್ತಾಗಲ್ವಾ? ಮಾರನೇ ದಿನದಿಂದ ಅಡುಗೆಮನೆ ಇಕ್ಕಳ ತಗೊಂಡು ಹೋಗೋಕೆ ಶುರು ಮಾಡ್ದೆ. ಯಾರಾದ್ರೂ ನೋಡ್ತಾ ಇದ್ರೆ ಸೆರಗಲ್ಲಿ ಮುಚ್ಕೊಂಡು, ಅದರಲ್ಲೇ ತೆಗೀತಿದ್ದೆ."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ನೀನು ಹೇಳ್ತೀಯಾ ಅಂತ ಕಾದೆ." ಮುಚ್ಚಳವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದಳು. "ಅಷ್ಟೇ ಅಲ್ಲ ಬಿಡು. ನನಗೂ ಭಯ. ಕೂರೋಕೆ ಜಾಗ ಹೋಗುತ್ತಲ್ಲ ಅಂತ. ನಿನ್ನ ಹಾಗೇ ನಾನೂ ಸುಮ್ನಿದ್ದೆ. ಆದ್ರೆ ನಾನು ಅಲ್ಲೇ ಕೂತಿದ್ದೆ ಕಣೋ. ನೀನೆಲ್ಲಿದ್ದೆ? ಅದನ್ನ ಬರಿ. ನೀನು ಬರೀತೀಯಾ, ಇಲ್ಲ ನಾನು ಬರೀಲಾ?"

ಬರೆಯುತ್ತೇನೆ.

ಅವತ್ತು ಬೆಳಿಗ್ಗೆ ಯಜಮಾನರು ನನ್ನನ್ನು ಮೇನ್ ಸ್ವಿಚ್ ಪಕ್ಕದಲ್ಲಿ ನಿಲ್ಲಿಸಿದ್ದರು. "ಏನಾದರೂ ಆದರೆ ಎಳೆದುಬಿಡು" ಅಂದಿದ್ದರು. ಸ್ವಿಚ್ಚು ನನ್ನ ಮೊಣಕೈಗೆ ತಾಗುತ್ತಿತ್ತು. ಅಕ್ಕ ಸ್ಟೂಲ್ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. ಇಕ್ಕಳ ನನಗೆ ಕಾಣಲಿಲ್ಲ. ಕೈ ಮಾತ್ರ ಕಂಡಿತು. ಅದು ಅಜ್ಜಿಯ ಬಾಯಿಯ ಕಡೆ ಹೊರಟಿತು.

ನಾನು ಸ್ವಿಚ್ ಎಳೆಯಲಿಲ್ಲ. ಕೂಗಲಿಲ್ಲ. ಓಡಿದೆ. ಅಂಗಳ ದಾಟಿ ಟಾಯ್ಲೆಟ್ಟಿಗೆ ನುಗ್ಗಿ ಬಾಗಿಲು ಎಳೆದುಕೊಂಡ ರಭಸಕ್ಕೆ ಎಡಗೈ ಕಿರುಬೆರಳು ಸಂದಿಯಲ್ಲಿ ಸಿಕ್ಕಿತು. ನೋವು ಗೊತ್ತಾದದ್ದು ಬಹಳ ಹೊತ್ತಿನ ಮೇಲೆ. ಚಿಲಕ ಹಾಕಿ ನೆಲದ ಮೇಲೆ ಕೂತು ಕಿವಿ ಮುಚ್ಚಿಕೊಂಡೆ. ಆದರೂ ಕೇಳಿಸಿತು. ದಢಾಂ. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ದಢಾಂ. ಆಮೇಲೆ ಯಾರೋ ಕಿರುಚಿದರು.

ಒಳಗೆ ಸಿಕ್ಕಿದ್ದು ಇಕ್ಕಳ. ಕಿರುಚಿದವರು ಯಜಮಾನರು. ನಾನು ಬಿಟ್ಟು ಬಂದ ಸ್ವಿಚ್ ಎಳೆದವರು ಬಿರುಗಾಳಿ. ಇವೆಲ್ಲ ಆಮೇಲೆ ಗೊತ್ತಾದದ್ದು. ತಗಡಿನಷ್ಟು ತೆಳ್ಳಗಾದ ಆ ಇಕ್ಕಳವನ್ನು, ಅದರ ಮೇಲೂ ಹೂವು ಮೂಡಿತ್ತಂತೆ, ಯಜಮಾನರು ಮಡಿಲಲ್ಲಿಟ್ಟುಕೊಂಡು ಅಜ್ಜಿಯ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತಿದ್ದರಂತೆ. "ಒಂದೊಂದಕ್ಕೂ ನಾನೇ ಚಪ್ಪಾಳೆ ಹೊಡೆದೆನಲ್ಲಮ್ಮಾ" ಅನ್ನುತ್ತಿದ್ದರಂತೆ. ಬಿರುಗಾಳಿ ಗೆದ್ದ ಮಾತು ಒಂದೂ ಆಡಲಿಲ್ಲವಂತೆ. ಅಜ್ಜಿಯ ಬೆಲ್ಟು ಅವತ್ತೇ ಬಿಚ್ಚಿದರು. ಈಗ ಅಕ್ಕ ನೀಲಿ ಟಾರ್ಪಾಲು ಎತ್ತಿದ ಆ ಯಂತ್ರದ ಮುಂದೆ, ತಾನೇ ಹಟ ಹಿಡಿದು ಹಾಕಿಸಿಕೊಂಡ ಸ್ಟೂಲಿನ ಮೇಲೆ ಕೂರುತ್ತಾಳೆ. ಅದರ ಕೆಲಸ ನೋಡುವುದಷ್ಟೇ ಅವಳ ಕೆಲಸ. ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಿರುತ್ತಾಳೆ. ಎಷ್ಟು ದಿನ ಆ ಸ್ಟೂಲ್ ಇರುತ್ತದೋ ಎಂಬ ಭಯ ಇಬ್ಬರಿಗೂ ಇದೆ.

ಆದರೆ ಟಾಯ್ಲೆಟ್ಟಿನ ಒಳಗೆ ಕೂತಿದ್ದವನಿಗೆ ಇದೊಂದೂ ಗೊತ್ತಿರಲಿಲ್ಲ. ಅಕ್ಕನಿಗೆ ಇನ್ನು ಕೈ ಇಲ್ಲ ಎಂದೇ ತಿಳಿದಿದ್ದೆ. ಅದಕ್ಕೇ ಹೊರಗೆ ಬರಲಿಲ್ಲ. ಹೊರಗೆ ಎಲ್ಲರೂ ನನ್ನ ಹೆಸರು ಹಿಡಿದು ಕೂಗುವುದು ಕೇಳಿಸುತ್ತಿತ್ತು. ಆ ಚಿಲಕ ತೆಗೆದರೆ ಅದು ನಿಜವಾಗಿಬಿಡುತ್ತದೆ, ತೆಗೆಯದಿದ್ದರೆ ಇನ್ನೂ ಆಗಿಲ್ಲ ಎಂದು ಅಂದುಕೊಂಡು ಕೂತಿದ್ದೆ.

ಆಮೇಲೆ ಯಾರೋ ಬಾಗಿಲು ತಟ್ಟಿದರು. ಮಾತಿಲ್ಲ, ಬರೀ ತಟ್ಟಿದ ಸದ್ದು. ಮಡಿಸಿದ ಬೆರಳುಗಳ ಗೆಣ್ಣಿನಿಂದ, ಟಕ್ ಟಕ್ ಟಕ್. ಆ ಸದ್ದನ್ನು ನನ್ನ ಕಿವಿಗಿಂತ ಮೊದಲು ನೆತ್ತಿ ಗುರುತು ಹಿಡಿಯಿತು.

"ಹೊರಗೆ ಬಾರೋ" ಅಂದಳು. "ನನಗೇನೂ ಆಗಿಲ್ಲ."

ಅಷ್ಟು ಕೇಳಿದ ಮೇಲೂ ಚಿಲಕ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಅವಳ ಕೈ ನೋಡಲು ಭಯವಿರಲಿಲ್ಲ ಆಗ. ಅವಳ ಮುಖ ನೋಡಲು ಭಯವಿತ್ತು.